ಬರೆಯದೆ ಬಿಟ್ಟ ಸೊನ್ನೆಗಳು

ಡಾಲ್ಫಿನ್‌ಗಳ ಅಧ್ಯಯನವೆಂದರೆ ಡಾಲ್ಫಿನ್ ನೋಡುವುದು ಎಂದುಕೊಂಡಿದ್ದೆ. ಹಾಗಲ್ಲ. ಅದು ನೀರು ನೋಡುವ ಕೆಲಸ. ಬೆಳಿಗ್ಗೆ ಆರೂವರೆಗೆ ವರ್ಸೋವಾದಿಂದ ದೋಣಿ ಬಿಟ್ಟರೆ ಹನ್ನೊಂದರವರೆಗೆ ಬರೀ ನೀರು. ಬೂದು ಬಣ್ಣದ ನೀರು, ಅದರ ಮೇಲೆ ತೇಲುವ ಚಿಪ್ಸ್ ಪ್ಯಾಕೆಟ್ಟು, ಹರಿದ ಬಲೆಯ ತುಂಡು, ಒಂಟಿ ಚಪ್ಪಲಿ. ಮೊದಲ ಸುತ್ತಿನಲ್ಲಿ ಐದು ದಿನ ಹೋದೆ, ಐದು ದಿನವೂ ಚಪ್ಪಲಿ ಕಂಡೆ, ಒಮ್ಮೆಯೂ ಜೋಡಿ ಕಾಣಲಿಲ್ಲ. ಡಾಲ್ಫಿನ್ ಕಂಡದ್ದು ಆ ಐದರಲ್ಲಿ ಒಂದೇ ದಿನ. ಅದೂ ನಮಗೆ ಬೇಕಾದ ಜಾತಿಯದಲ್ಲ.

ನಮಗೆ ಎಂದೆ. ನನಗೇನೂ ಬೇಕಾಗಿರಲಿಲ್ಲ. ಬೇಕಾದದ್ದು ಮಗಳಿಗೆ. ಅವಳು ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದಳು. ಮುಂಬೈ ದಡದ ಹತ್ತಿರ ಬರುವ ಡಾಲ್ಫಿನ್‌ಗಳಲ್ಲಿ ಬೆನ್ನ ಮೇಲೆ ಡುಬ್ಬ ಇರುವವೇ ಹೆಚ್ಚು. ಬಾಟಲ್‌ನೋಸ್ ಎಂಬ ಇನ್ನೊಂದು ಜಾತಿ ಅಪರೂಪ. ಅದರ ರೆಕ್ಕೆ ಎತ್ತರ, ಹಿಂದಕ್ಕೆ ಬಾಗಿರುತ್ತದೆ, ಡುಬ್ಬ ಇರುವುದಿಲ್ಲ. ಈ ಬಾಟಲ್‌ನೋಸ್ ನಮ್ಮ ದಡಕ್ಕೆ ಎಲ್ಲಿ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂಬುದು ಅವಳ ಪ್ರಬಂಧ. ಸುಲಭದ ಜಾತಿ ತೆಗೆದುಕೋ ಎಂದು ಅವಳ ಮೇಡಂ ಮೊದಲೇ ಹೇಳಿದ್ದರಂತೆ. ಕೇಳುವ ಹುಡುಗಿಯಲ್ಲ. ಅಂಗಡಿಯಲ್ಲಿ ಹತ್ತು ಬಣ್ಣ ಇದ್ದರೆ ಇಲ್ಲದ ಹನ್ನೊಂದನೆಯದನ್ನೇ ಕೇಳುವುದು ಅವಳ ಸಣ್ಣಂದಿನ ಚಾಳಿ.

ನಾವಿರುವುದು ಜೋಗೇಶ್ವರಿಯಲ್ಲಿ. ಕುಂದಾಪುರದ ಕಡೆಯವರು. ನಮ್ಮವರು ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುತ್ತಾರೆ. ಸಮುದ್ರದ ಊರಿನಲ್ಲಿ ಹುಟ್ಟಿದರೂ ನಾನು ದೋಣಿ ಹತ್ತಿದವಳಲ್ಲ. ಸಮುದ್ರವೆಂದರೆ ದಡದಲ್ಲಿ ನಿಂತು, ಕಾಲು ಒದ್ದೆ ಮಾಡಿಕೊಂಡು, ಕೈ ಮುಗಿದು ಬರುವುದು ಎಂದಷ್ಟೇ ನನಗೆ ಗೊತ್ತಿದ್ದದ್ದು. ನವೆಂಬರಿನಿಂದ ಮಗಳು ತನ್ನ ಗೆಳತಿಯ ಜೊತೆ ಹೋಗುತ್ತಿದ್ದಳು. ಏಳು ದಿನ ಹೋಗಿಬಂದರು, ಎರಡು ಸಲ ಬಾಟಲ್‌ನೋಸ್ ಗುಂಪು ಸಿಕ್ಕಿತು. ಮಾರ್ಚಿನಲ್ಲಿ ಆ ಗೆಳತಿಗೆ ಕಾಮಾಲೆ ಹಿಡಿಯಿತು. ಅವಳು ನಾಸಿಕಕ್ಕೆ, ತಾಯಿಯ ಮನೆಗೆ ಹೋದಳು. ಒಬ್ಬಳೇ ಸಮುದ್ರಕ್ಕೆ ಹೋಗಬಾರದು, ಕಡೇಪಕ್ಷ ಎರಡು ಜೊತೆ ಕಣ್ಣು ಬೇಕು ಎಂಬುದು ಮೇಡಂ ನಿಯಮ. ಉಳಿದ ವಿದ್ಯಾರ್ಥಿಗಳಿಗೆ ಅವರವರ ಏಡಿ, ಕಾಂಡ್ಲಾ ಗಿಡ, ಹಕ್ಕಿಗಳೇ ಸಾಕಾಗಿದ್ದವು.

ಅಡುಗೆಮನೆಯ ಬಾಗಿಲಿಗೆ ಒರಗಿ ಅವಳು ಕೇಳಿದ ರೀತಿ ನನಗೆ ಈಗಲೂ ಸಿಟ್ಟು ಬರಿಸುತ್ತದೆ.

"ಅಮ್ಮಾ, ಬೆಳಿಗ್ಗೆ ನಿಂಗೆ ಎಂಥ ಕೆಲ್ಸ ಇರತ್ತೆ?"

"ಎಂಥ ಕೆಲಸವಾ? ನಿನ್ನ ಡಬ್ಬಿ ಯಾರು ತುಂಬುದು? ದೇವರ ಕೋಣೆ ಯಾರು ಒರೆಸುದು?"

"ಅದೆಲ್ಲ ಒಂದ್ ದಿನ ಲೇಟ್ ಆದ್ರೆ ದೇವ್ರು ಏನೂ ಅನ್ನಲ್ಲ. ಐದಾರು ದಿನ ಅಷ್ಟೇ ಯಾ. ಸುಮ್ನೆ ಕೂತ್ಕೊಂಡು ನೋಡೋದು, ಬರಿಯೋದು. ಪ್ಲೀಸ್."

ಅವಳಿಗೆ ಜುಲೈಯಿಂದ ಕೊಂಕಣದ ದಡದಲ್ಲಿ ಒಂದು ಕೆಲಸ ಗೊತ್ತಾಗಿತ್ತು. ಸಮುದ್ರಜೀವಿಗಳ ಮೇಲಿನ ಯೋಜನೆಯೊಂದರಲ್ಲಿ ಸಹಾಯಕಿಯ ಕೆಲಸ. ಜೂನ್ ಮುಗಿಯುವುದರೊಳಗೆ ಪ್ರಬಂಧ ಒಪ್ಪಿಸಿರಬೇಕು ಎಂಬುದು ಅವರ ಷರತ್ತು. ಎರಡು ವರ್ಷದಿಂದ ಅವಳು ಬೇರೆ ಯಾವುದಕ್ಕೂ ಇಷ್ಟು ಆಸೆ ಪಟ್ಟದ್ದು ನಾನು ಕಂಡಿರಲಿಲ್ಲ. ಮಳೆಗಾಲ ಶುರುವಾದರೆ ದೋಣಿಗಳೆಲ್ಲ ದಡಕ್ಕೆ ಬರುತ್ತವೆ, ಮತ್ತೆ ನೀರಿಗಿಳಿಯುವುದು ಮಳೆ ನಿಂತ ಮೇಲೆ. ಹಾಗಾಗಿ ಮೇ ತಿಂಗಳೊಳಗೆ ಮುಗಿಯಲೇಬೇಕಿತ್ತು. ಹೂಂ ಎಂದೆ.

ಮೊದಲ ದಿನ ಮಗಳ ಟೊಪ್ಪಿ ಹಾಕಿಕೊಂಡು ಮೆಟ್ಟಿಲಿಳಿಯುವಾಗ ಎರಡನೇ ಮಾಳಿಗೆಯ ಗದಗಿನ ಅಕ್ಕ ಹಾಲು ತೆಗೆದುಕೊಳ್ಳಲು ಬಾಗಿಲು ತೆರೆದರು.

"ಏನ್ರೀ ಅಕ್ಕಾರ, ಇಷ್ಟ್ ಲಗೂನ ಟೊಪ್ಪಿಗಿ ಹಾಕ್ಕೊಂಡು ಎಲ್ಲಿಗ್ ಹೊಂಟ್ರಿ?"

"ಸಮುದ್ರಕ್ಕೆ."

"ಯಾಕ್ರೀ, ಇವತ್ತ ನಳದಾಗ ನೀರ್ ಬರಲಿಲ್ಲೇನು?"

ಮಗಳು ನಕ್ಕಳು. ನನಗೆ ನಗು ಬರಲಿಲ್ಲ.

ದೋಣಿಯವರು ವರ್ಸೋವಾದ ಕೋಳಿವಾಡ ಎಂಬ ಮೀನುಗಾರರ ಕೇರಿಯವರು, ಐವತ್ತು ದಾಟಿದವರು. ಮಗಳು ಅವರನ್ನು ಕಾಕಾ ಎನ್ನುತ್ತಿದ್ದಳು, ಅವರು ನನ್ನನ್ನು ಮಾವಶಿ ಎನ್ನುತ್ತಿದ್ದರು. ನನಗಿಂತ ಹಿರಿಯರು ನನ್ನನ್ನು ಚಿಕ್ಕಮ್ಮ ಎಂದು ಕರೆಯುವುದು ಮುಜುಗರ, ಆದರೆ ಹೇಳುವುದು ಹೇಗೆ? ಅವರು ಎಂಜಿನ್ನಿನ ಪಕ್ಕ ಹಿಂದೆ ಕೂರುತ್ತಿದ್ದರು. ಮಗಳು ಕ್ಯಾಮೆರಾ, ದುರ್ಬೀನು ಹಿಡಿದು ಮುಂದೆ. ನಾನು ನಡುವೆ, ಹಲಗೆಯ ಮೇಲೆ, ತೊಡೆಯ ಮೇಲೆ ರಟ್ಟು, ರಟ್ಟಿಗೆ ಕ್ಲಿಪ್ಪು ಹಾಕಿದ ಹಾಳೆ.

ಕೆಲಸ ಹೀಗಿತ್ತು. ದೋಣಿಯ ಎಡಗಡೆಯ ಸಮುದ್ರ ಮಗಳದು, ಬಲಗಡೆಯದು ನನ್ನದು. ಹತ್ತು ನಿಮಿಷಕ್ಕೊಮ್ಮೆ ಅವಳ ಕೈಗಡಿಯಾರ ಕೀಂ ಎನ್ನುತ್ತದೆ. ಆಗ ನಾನು ಒಂದು ಸಾಲು ಬರೆಯಬೇಕು. ಗಂಟೆ ಎಷ್ಟು, ಅಲೆ ಹೇಗಿದೆ, ಬಿಸಿಲಿನ ಝಳಪು ಎಷ್ಟು, ಹತ್ತಿರ ಎಷ್ಟು ದೋಣಿ. ಸಾಲಿನ ಕೊನೆಯ ಎರಡು ಮನೆಗಳಲ್ಲಿ ಎಡಕ್ಕೆ ಎಷ್ಟು ಡಾಲ್ಫಿನ್, ಬಲಕ್ಕೆ ಎಷ್ಟು; ಕಂಡರೆ ಪಕ್ಕದಲ್ಲಿ ಜಾತಿ.

ಹಾಳೆಯ ತಲೆಯಲ್ಲಿ ನಾನು ಶ್ರೀ ಬರೆದೆ. ಅದನ್ನು ನೋಡಿ ಅವಳು, "ಅಮ್ಮಾ, ಇದು ಡೇಟಾಶೀಟ್, ಮದ್ವೆ ಕಾಗ್ದ ಅಲ್ಲ," ಎಂದಳು. ಇರಲಿ ಬಿಡು ಎಂದೆ. ಬಿಟ್ಟಳು.

ಮೊದಲ ಹತ್ತು ನಿಮಿಷ ಕಳೆಯಿತು. ಕೀಂ ಎಂದಿತು. ಗಂಟೆ, ಅಲೆ, ಝಳಪು, ದೋಣಿ ಎಲ್ಲ ಬರೆದೆ. "ಎಡಗಡೆ ನಥಿಂಗ್," ಎಂದಳು ಮಗಳು. ಬಲಗಡೆಯೂ ಏನೂ ಇರಲಿಲ್ಲ. ಅಲ್ಲಿ ನನ್ನ ಕೈ ನಿಂತಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮನೆಗಳಲ್ಲಿ ಇಲ್ಲ ಎಂಬ ಮಾತನ್ನು ಎಲ್ಲೆಂದರಲ್ಲಿ ಆಡುವುದಿಲ್ಲ. ಡಬ್ಬಿಯಲ್ಲಿ ಅಕ್ಕಿ ಮುಗಿದರೆ ಅಕ್ಕಿ ಇಲ್ಲ ಎನ್ನಬಾರದು, ಅಕ್ಕಿ ತುಂಬಿದೆ ಎನ್ನಬೇಕು. ಕುಂಕುಮ ಹೆಚ್ಚಿತು ಎನ್ನಬೇಕು. ದೀಪ ಆರಿಸು ಎನ್ನುವಂತಿಲ್ಲ, ದೊಡ್ಡದು ಮಾಡು ಎನ್ನಬೇಕು. ಮದುವೆಯಾದ ಹೊಸತರಲ್ಲಿ ಒಂದು ಶುಕ್ರವಾರ, ಅತ್ತೆಯವರು ಎಣ್ಣೆ ಕೇಳಿದಾಗ ಎಣ್ಣೆ ಇಲ್ಲ ಎಂದುಬಿಟ್ಟಿದ್ದೆ. ಬಾಯಿ ಮುಚ್ಚು ಎಂದು ಅವರು ತಮ್ಮ ಬಾಯಿಯ ಮೇಲೆಯೇ ಕೈಯಿಟ್ಟು ತೋರಿಸಿದ್ದರು. ಅಂದಿನಿಂದ ಇಪ್ಪತ್ತಾರು ವರ್ಷ ನಾನು ಹೀಗೇ ಬದುಕಿದ್ದೇನೆ. ಅಂಥವಳು ಬೆಳಿಗ್ಗೆ ಎದ್ದು, ಶ್ರೀ ಬರೆದ ಹಾಳೆಯ ಮೊದಲ ಸಾಲಿನಲ್ಲೇ, ಮಗಳಿಗೆ ಬೇಕಾದ ವಸ್ತುವಿನ ಎದುರು ಸೊನ್ನೆ ಹೇಗೆ ಸುತ್ತಲಿ? ಸೊನ್ನೆ ಬರೆದು ಬರೆದೇ ಅದು ಬಾರದೆ ಹೋದರೆ? ಆ ಎರಡೂ ಮನೆಗಳನ್ನು ಖಾಲಿ ಬಿಟ್ಟೆ. ಕಂಡರೆ ಬರೆಯುತ್ತೇನೆ, ಕಾಣದಿದ್ದರೆ ಜಾಗ ಇರಲಿ, ಬರುವವರಿಗೆ ಎಲೆ ಹಾಕಿಟ್ಟ ಹಾಗೆ. ಇದರಲ್ಲಿ ತಪ್ಪೇನೆಂದು ನನಗೆ ತೋರಲಿಲ್ಲ.

ಮೂರನೆಯ ದಿನ ಡುಬ್ಬದ ಡಾಲ್ಫಿನ್‌ಗಳು ಬಂದವು. ಮೂರು. ಬಲಗಡೆಯೇ, ನನ್ನ ಸಮುದ್ರದಲ್ಲೇ. ಕಾಕಾ ಎಂಜಿನ್ ನಿಲ್ಲಿಸಿದರು. ಉಸಿರು ಬಿಡುವ ಸದ್ದು ಕೇಳಿತು, ಕುಕ್ಕರಿನ ಹಬೆ ಸ್ವಲ್ಪವೇ ಬಿಟ್ಟ ಹಾಗೆ. ನಾನು ಕೈ ಮುಗಿದೆ. ಮಗಳು ಪಟಪಟ ಫೋಟೋ ತೆಗೆದು, ಕ್ಯಾಮೆರಾ ಇಳಿಸಿ, "ಛೇ, ಹಂಪ್‌ಬ್ಯಾಕ್," ಎಂದಳು. ದೇವರು ಕೊಟ್ಟದ್ದಕ್ಕೆ ಛೇ ಎನ್ನಬೇಡ ಎಂದು ಬೈದೆ. ಹಾಳೆಯಲ್ಲಿ ಮೂರು ಎಂದು ದೊಡ್ಡದಾಗಿ ಬರೆದೆ. ಆ ಐದು ದಿನಗಳಲ್ಲಿ ನಾನು ಆ ಮನೆಗಳಲ್ಲಿ ಬರೆದ ಅಂಕಿ ಅದೊಂದೇ.

ಇನ್ನೊಂದು ವಿಷಯವಿದೆ. ಅದನ್ನು ಮಗಳಿಗೆ ಹೇಳಿರಲಿಲ್ಲ. ನನಗೆ ದೋಣಿಯಲ್ಲಿ ತಲೆ ತಿರುಗುತ್ತಿತ್ತು. ಕಾಕಾ ಮೊದಲ ದಿನವೇ ಕಂಡುಹಿಡಿದರು. "ಮಾವಶಿ, ಪಾನೀ ಮತ್ ದೇಖೋ, ದೂರ್ ದೇಖೋ," ಎಂದರು. ನೀರು ನೋಡಲೆಂದೇ ಬಂದವಳಿಗೆ ನೀರು ನೋಡಬೇಡ ಎಂದರೆ ಹೇಗೆ? ಎರಡು ಮೂರು ಸಲ ದೋಣಿಯ ಅಂಚಿಗೆ ಬಾಗಿ ವಾಂತಿ ಮಾಡಿದೆ. ಮಗಳು ಮುಂದೆ ಬೆನ್ನು ಹಾಕಿ ಕೂತಿರುತ್ತಿದ್ದಳು, ಎಂಜಿನ್ ಸದ್ದಿನಲ್ಲಿ ಕೇಳುತ್ತಿರಲಿಲ್ಲ. ಆಮೇಲೆ ಸೆರಗಿನಿಂದ ಬಾಯಿ ಒರೆಸಿ, ಕಣ್ಣು ಮುಚ್ಚಿ ರಾಮ ರಾಮ ಎಂದು ಕೂರುತ್ತಿದ್ದೆ. ಐದು ನಿಮಿಷವೋ, ಹತ್ತೋ, ಇಪ್ಪತ್ತೋ. ಕೀಂ ಎಂದಾಗ ಕಣ್ಣು ತೆರೆದು ಒಂದು ಸಲ ಸುತ್ತ ನೋಡಿ ಸಾಲು ತುಂಬುತ್ತಿದ್ದೆ. ದೋಣಿಯಲ್ಲಿ ಬಿದ್ದು ಕೈಕಾಲು ಮುರಿಯಲಿಲ್ಲವಲ್ಲ, ಮಗಳ ಕೆಲಸ ಕೆಡಿಸಲಿಲ್ಲವಲ್ಲ ಎಂದು ಸಂಜೆ ದೀಪದ ಮುಂದೆ ಸಮಾಧಾನ ಪಡುತ್ತಿದ್ದೆ.

ಹಾಳೆಗಳನ್ನು ಅವಳು ಮನೆಗೆ ಬಂದೊಡನೆ ಫೈಲಿಗೆ ಸೇರಿಸಿಡುತ್ತಿದ್ದಳು. ನಡುವೆ ಪರೀಕ್ಷೆ ಇತ್ತು, ಮುಗಿದ ಮೇಲೆ ಒಟ್ಟಿಗೆ ಕಂಪ್ಯೂಟರಿಗೆ ಹಾಕುವೆನೆಂದಿದ್ದಳು. ಮೇ ನಡುವಿನಲ್ಲಿ ಒಂದು ಬೆಳಿಗ್ಗೆ ಎಲ್ಲ ಹಾಳೆಗಳ ಫೋಟೋ ತೆಗೆದು ಮೇಡಂಗೆ ಕಳಿಸಿದಳು. ಮಧ್ಯಾಹ್ನ ನಾನು ಹಪ್ಪಳ ಕಾಯಿಸುತ್ತಿದ್ದಾಗ ಅವಳಿಗೆ ಫೋನ್ ಬಂತು. ಫೋನಿಟ್ಟವಳೇ ಫೈಲು ಹಿಡಿದು ಒಳಗೆ ಬಂದಳು.

"ಅಮ್ಮಾ, ಜೀರೋ ಎಲ್ಲಿ?"

"ಯಾವ ಜೀರೋ?"

"ಇಲ್ಲಿ! ಇಲ್ಲಿ, ಇಲ್ಲಿ, ಇಲ್ಲಿ! ಫುಲ್ ಖಾಲಿ ಇದೆ!"

"ಕಾಣಲಿಲ್ಲ, ಅದಕ್ಕೆ ಬರೆಯಲಿಲ್ಲ. ಕಂಡ ದಿನ ಬರೆದಿದ್ದೆನಲ್ಲ."

"ಖಾಲಿ ಅಂದ್ರೆ ನೋಡ್ಲೇ ಇಲ್ಲ ಅಂತ ಅರ್ಥ ಅಮ್ಮಾ! ಜೀರೋ ಅಂದ್ರೆ ನೋಡಿದ್ವಿ, ಇರ್ಲಿಲ್ಲ ಅಂತ. ಎಲ್ಲಿ ಬರಲ್ಲ ಅಂತ ಹೇಳೋಕೆ ನಂಗೆ ಜೀರೋನೇ ಬೇಕು. ಅದೇ ನನ್ನ ಥೀಸಿಸ್!"

ಹಪ್ಪಳ ಕರಕಲಾಯಿತು. ಒಲೆ ಆರಿಸಿ, ಎಣ್ಣೆ, ಅಕ್ಕಿ, ಅತ್ತೆಯವರ ಕತೆಯನ್ನೆಲ್ಲ ಹೇಳಲು ಹೋದೆ. ಅವಳು ನೆಲದ ಮೇಲೆ ಕೂತು ತಲೆ ಹಿಡಿದುಕೊಂಡಳು. "ಸೀರಿಯಸ್ಲೀ?" ಎಂದಳು. "ಅಕ್ಕಿ ಡಬ್ಬಿ ರೂಲ್ ಸಮುದ್ರಕ್ಕೆ ಹಾಕಿದ್ಯಾ?" ನನಗೂ ಸಿಟ್ಟು ಬಂತು. ನೀನು ಒಂದು ದಿನವಾದರೂ ಹಾಳೆ ತೆಗೆದು ನೋಡಿದ್ದೀಯಾ ಎಂದು ಕೇಳಿದೆ. ಅವಳು ಫೈಲು ಮುಚ್ಚಿದಳು.

ಬರೆದವರನ್ನು ಕರೆದುಕೊಂಡು ಬಾ ಎಂದು ಮೇಡಂ ಹೇಳಿದ್ದರು. ಮರುದಿನ ಲೋಕಲ್ ರೈಲಿನಲ್ಲಿ, ಹೆಂಗಸರ ಡಬ್ಬಿಯಲ್ಲಿ, ಇಬ್ಬರಿಗೂ ಕೂರಲು ಜಾಗ ಸಿಕ್ಕಿತು. ಆ ಹೊತ್ತಿನಲ್ಲಿ ಅದು ಸಣ್ಣ ಭಾಗ್ಯವಲ್ಲ. ಅಂಧೇರಿ ದಾಟಿದ ಮೇಲೆ ಅವಳು ತಗ್ಗಿದ ದನಿಯಲ್ಲಿ ಹೇಳಿದಳು:

"ಮೇಡಂ ಒಂದೇ ಕೇಳ್ತಾರೆ. ಫುಲ್ ಟೈಮ್ ನೋಡ್ತಾ ಇದ್ರಾ ಅಂತ. ಹೌದು ಅಂತ ಹೇಳ್ಬಿಡು, ಬಸ್. ಆಮೇಲೆ ಖಾಲಿ ಇರೋ ಕಡೆ ಎಲ್ಲ ಜೀರೋ ಅಂತ ತಗೋತಾರೆ. ನೀನು ನೋಡ್ತಾನೇ ಇದ್ದೆ ಅಲ್ವಾ?"

ನಾನು ಕಿಟಕಿಯ ಹೊರಗೆ ನೋಡಿದೆ. ಅವಳು ಅದನ್ನು ಹೌದು ಎಂದು ತಿಳಿದಳೋ ಏನೋ, ಫೋನ್ ತೆಗೆದಳು.

ಮೇಡಂ ನನ್ನ ವಯಸ್ಸಿನವರೇ, ಮರಾಠಿಯವರು. ಸಣ್ಣ ಕೋಣೆ, ಕಪಾಟಿನಲ್ಲಿ ಗಾಜಿನ ಬಾಟಲಿಗಳಲ್ಲಿ ಏನೇನೋ. ನಾನು ಒಯ್ದ ಕೋಡುಬಳೆಯ ಡಬ್ಬಿಯನ್ನು ಎರಡೂ ಕೈಯಿಂದ ತೆಗೆದುಕೊಂಡರು. ಚಹಾ ತರಿಸಿದರು. ನನ್ನ ಜೊತೆ ಹಿಂದಿಯಲ್ಲಿ ಮಾತಾಡಿದರು, ಬಹಳ ಮರ್ಯಾದೆಯಿಂದ. ಅಷ್ಟು ಮರ್ಯಾದೆ ಇಲ್ಲದಿದ್ದರೆ ನನಗೆ ಸುಲಭವಾಗುತ್ತಿತ್ತೇನೋ.

"ಇಷ್ಟು ಅಚ್ಚುಕಟ್ಟಾದ ಅಕ್ಷರ ನನ್ನ ವಿದ್ಯಾರ್ಥಿಗಳದ್ದೂ ಇಲ್ಲ," ಎಂದರು. "ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಎಡಗಡೆಗೆ ನಿಮ್ಮ ಮಗಳು ಜವಾಬು ಹೇಳುತ್ತಾಳೆ. ಬಲಗಡೆ ನಿಮ್ಮದು. ಖಾಲಿ ಬಿಟ್ಟ ಪ್ರತಿ ಸಾಲಿನ ಹತ್ತು ನಿಮಿಷವೂ ನೀವು ನೀರು ನೋಡುತ್ತಿದ್ದಿರಾ?"

ಮಗಳು ನನ್ನನ್ನು ನೋಡುತ್ತಿದ್ದಳು. ಅವಳು ಹತ್ತನೆಯ ತರಗತಿಯ ಫಲಿತಾಂಶದ ದಿನವೂ ಹಾಗೆ ನೋಡಿರಲಿಲ್ಲ. ಹೌದು ಎಂಬ ಒಂದು ಮಾತು. ಯಾರಿಗೂ ನಷ್ಟವಿಲ್ಲ. ಬಹುಮಟ್ಟಿಗೆ ನಿಜವೂ ಹೌದು. ಬಾಯಿಯಲ್ಲಿ ಆ ಮಾತು ಬಂದು ಕೂತಿತ್ತು. ಆದರೆ ಕಣ್ಣು ಮುಚ್ಚಿ ರಾಮ ರಾಮ ಎಂದು ಕೂತ ಹೊತ್ತನ್ನು ಕಣ್ಣು ತೆರೆದಿದ್ದೆ ಎಂದು ಹೇಳಿಬಿಟ್ಟರೆ, ಆಮೇಲೆ ಆ ಹೆಸರನ್ನು ಯಾವ ಬಾಯಿಯಿಂದ ಹೇಳಲಿ?

"ಇಲ್ಲ ಮೇಡಂ," ಎಂದೆ. "ಕೆಲವು ಸಲ ವಾಂತಿ ಆಗುತ್ತಿತ್ತು. ಕಣ್ಣು ಮುಚ್ಚಿ ಕೂತಿರುತ್ತಿದ್ದೆ."

"ಯಾವ ಯಾವ ಸಾಲು ಅಂತ ನೆನಪಿದೆಯಾ?"

"ಇಲ್ಲ."

ಇಪ್ಪತ್ತಾರು ವರ್ಷ ಬಾಯಿಗೆ ತಾರದೆ ಉಳಿಸಿಕೊಂಡ ಮಾತನ್ನು ಒಂದೇ ನಿಮಿಷದಲ್ಲಿ ಎರಡು ಸಲ ಹೇಳಿದ್ದೆ. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯಲಿಲ್ಲ. ಒಂದೇ ಕಡೆ ನೋಡಿದ ಲೆಕ್ಕ ನಿಲ್ಲುವುದಿಲ್ಲ, ಐದು ದಿನವನ್ನೂ ತೆಗೆಯಬೇಕಾಗುತ್ತದೆ ಎಂದರು. ಆ ಡುಬ್ಬದ ಮೂರರ ಫೋಟೋ ಇರುವುದರಿಂದ ಅದು ಉಳಿಯುತ್ತದೆ, ಆದರೆ ಅದು ಬೇರೆ ಜಾತಿ. ಎಲ್ಲಿ ಬರುವುದಿಲ್ಲ ಎಂಬ ಭಾಗವನ್ನು ಇನ್ನು ಬರೆಯಲಾಗುವುದಿಲ್ಲ, ಗೆಳತಿಯ ಜೊತೆ ಹೋದ ಏಳು ದಿನ ಅದಕ್ಕೆ ಸಾಲದು. ದೋಣಿ ದಡಕ್ಕೆ ಬರುವ ಮುನ್ನ ಗೊತ್ತುಮಾಡಿದ ಇನ್ನೆರಡು ದಿನ ಇವೆ. ಆ ಎರಡು ದಿನದಲ್ಲಿ ಒಂದೇ ಒಂದು ಬಾಟಲ್‌ನೋಸ್ ಗುಂಪು ಸಿಕ್ಕರೂ ಹಿಂದಿನ ಎರಡರ ಜೊತೆ ಒಟ್ಟು ಮೂರಾಗುತ್ತದೆ. ಎಲ್ಲಿ ಕಂಡವು ಎಂಬುದರ ಮೇಲಷ್ಟೇ ಚಿಕ್ಕ ಪ್ರಬಂಧ ಬರೆದು ಜೂನಿನಲ್ಲಿ ಕೊಡಬಹುದು. ಸಿಗದಿದ್ದರೆ ಮಳೆ ನಿಂತ ಮೇಲೆ ಮೊದಲಿನಿಂದ.

"ಜುಲೈ ಕೆಲಸ?" ಎಂದಳು ಮಗಳು.

"ಅವರು ಕಾಯುವುದಿಲ್ಲ ಬೇಟಾ. ನಾನು ಕೇಳಿ ನೋಡಿದ್ದೇನೆ."

ಹಿಂದಿರುಗುವಾಗ ಜಾಗ ಸಿಗಲಿಲ್ಲ. ಬಾಗಿಲ ಹತ್ತಿರ ಕಂಬ ಹಿಡಿದು ನಿಂತೆವು. ಬಾಂದ್ರಾದಲ್ಲಿ ಜನ ಇಳಿದು ಸ್ವಲ್ಪ ಉಸಿರಾಡುವಂತಾದಾಗ ಅವಳು ಹೇಳಿದಳು:

"ವಾಂತಿ ಬರ್ತಿದೆ ಅಂತ ನಂಗೆ ಅವತ್ತೇ ಹೇಳೋಕೆ ಏನಾಗಿತ್ತು? ಮೇಡಂ ಹತ್ರ ಹೇಳೋಕೆ ಬರತ್ತೆ, ನನ್ ಹತ್ರ ಬರಲ್ಲ?"

ಅವಳು ಮೇಡಂ ಮುಂದೆ ಸುಳ್ಳು ಹೇಳು ಎಂದದ್ದಕ್ಕೆ ನಾನು ಬೈಯಬೇಕೆಂದಿದ್ದೆ. ಆದರೆ ತೊಂದರೆ ಕೊಡಬಾರದೆಂದು ಬಾಯಿ ಮುಚ್ಚಿಕೊಂಡು ನಾನು ಮಾಡಿದ್ದೂ ಒಂದು ಬಗೆಯ ಸುಳ್ಳೇ ಆಗಿತ್ತು. ಬೈಯಲು ಬಾಯಿ ಬರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ನಮ್ಮವರಿಗೆ ಎಲ್ಲ ಹೇಳಿದೆ. ಅವರು ಸಾರು ಕಲಸುತ್ತ ಕೇಳಿದರು.

"ಹೌದ್ ಅಂತ ಒಂದ್ ಮಾತ್ ಹೇಳುಕ್ ಆಯ್ಲಿಲ್ಯಾ ಮಾರಾಯ್ತಿ? ಇಡ್ಲಿ ಬಿಸಿ ಇತ್ತಾ ಅಂತ ಗಿರಾಕಿ ಕೇಂಡ್ರೆ ನಾ ದಿನಾ ಹೇಳ್ತೆ."

"ನಿಮ್ಮ ಇಡ್ಲಿ ಬೇರೆ, ಇದು ಬೇರೆ."

"ಹೌದೌದು. ಇಡ್ಲಿಯಾರೆ ಕಣ್ಣಿಗೆ ಕಾಂತ್."

ಮಗಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಹೊಟ್ಟೆಗೆ ತಿಂದಳಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ.

ಉಳಿದ ಎರಡು ದಿನಕ್ಕೆ ನನ್ನನ್ನು ಕರೆದೊಯ್ಯಲು ಅವಳಿಗೆ ಸುತರಾಂ ಮನಸ್ಸಿರಲಿಲ್ಲ. ಪವಾಯಿಯಲ್ಲಿರುವ ಹಳೆಯ ಸಹಪಾಠಿಯನ್ನು ಕೇಳಿದಳು, ಅವಳಿಗೆ ಆಫೀಸು. ಕಾಮಾಲೆಯ ಗೆಳತಿ ಇನ್ನೂ ಬಿಸಿಲಿಗೆ ಹೋಗಬಾರದು. ಹಿಂದಿನ ದಿನ ಸಂಜೆ ನನ್ನ ಮುಂದೆ ಒಂದು ಮಾತ್ರೆಯ ಪಟ್ಟಿ ಇಟ್ಟಳು. "ವಾಂತಿಗೆ. ಹೊರಡೋಕೆ ಅರ್ಧ ಗಂಟೆ ಮೊದ್ಲು ತಗೋ." ಅಷ್ಟೇ. ಆ ಮಾತ್ರೆ ನುಂಗಿದ ಮೇಲೆ ನಿಜಕ್ಕೂ ತಲೆ ತಿರುಗಲಿಲ್ಲ. ಎರಡು ತಿಂಗಳ ಮೊದಲೇ ಈ ಮಾತ್ರೆ ತೆಗೆದುಕೊಂಡಿದ್ದರೆ ಎಂದು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಔಷಧಿ ಅಂಗಡಿ ನಮ್ಮ ಬಿಲ್ಡಿಂಗಿನ ಕೆಳಗೇ ಇದೆ.

ಆ ಎರಡರಲ್ಲಿ ಮೊದಲ ದಿನ ನಾನು ಶ್ರೀ ಬರೆದೆ, ಅದರ ಕೆಳಗೆ ಸೊನ್ನೆ ಸುತ್ತಿದೆ. ಮೊದಲನೆಯದು ಮೊಟ್ಟೆಯ ಹಾಗಾಯಿತು. ಎರಡನೆಯದು ಸರಿಬಂತು. ಆಮೇಲೆ ಲೆಕ್ಕ ಬಿಟ್ಟೆ. "ಎಡಗಡೆ ಜೀರೋ," ಎಂದು ಮುಂದಿನಿಂದ ಅವಳ ದನಿ ಬರುತ್ತಿತ್ತು, ಬೇರೆ ಮಾತಿಲ್ಲ. ಕಣ್ಣು ಮುಚ್ಚಲಿಲ್ಲ. ದೇವರ ಹೆಸರನ್ನು ಕಣ್ಣು ತೆರೆದೇ ಹೇಳಿದೆ. ಸಮುದ್ರವನ್ನು ಅಷ್ಟು ಹೊತ್ತು ಬಿಟ್ಟೂಬಿಡದೆ ನೋಡಿದರೆ ಪ್ರತಿ ಅಲೆಯೂ ಬೆನ್ನಿನ ಹಾಗೆ ಕಾಣುತ್ತದೆ. ಪ್ರತಿ ಸಲವೂ ಎದೆ ಧಸಕ್ಕೆನ್ನುತ್ತದೆ, ಪ್ರತಿ ಸಲವೂ ಅದು ಅಲೆಯೇ. ಇಂಥ ಕೆಲಸವನ್ನು ಈ ಹುಡುಗಿ ನವೆಂಬರಿನಿಂದ ಹೇಗೆ ಮಾಡಿದಳೋ! ಹನ್ನೊಂದು ಗಂಟೆಯವರೆಗೂ ಸೊನ್ನೆ.

ಕೊನೆಯ ದಿನ ಗಾಳಿ ಜಾಸ್ತಿ ಇತ್ತು. ನೈಋತ್ಯದಲ್ಲಿ ಮೋಡ ಕಟ್ಟಿತ್ತು. ಒಂಬತ್ತಕ್ಕೇ ತಿರುಗಬೇಕಾಗುತ್ತದೆ ಎಂದು ಕಾಕಾ ಮೊದಲೇ ಹೇಳಿದ್ದರು. ಎಂಟೂವರೆಯಾಗಿರಬೇಕು. ಅವರು ಸೀಟಿನಿಂದ ಎದ್ದು ನಿಂತು ಎಡಕ್ಕೆ ಕೈ ತೋರಿಸಿದರು. ಬಿಸಿಲು ನೀರಿನ ಮೇಲೆ ಬಿದ್ದು ಕಣ್ಣು ಕುಕ್ಕುವ ದಿಕ್ಕು ಅದು. ಎರಡು ಕಪ್ಪು ಬೆನ್ನು ಒಟ್ಟಿಗೆ ಎದ್ದು ಮುಳುಗಿದವು. ಮಗಳ ಕ್ಯಾಮೆರಾ ಪಟಪಟ ಎಂದಿತು. ಇನ್ನೊಮ್ಮೆ ಎದ್ದವು, ದೂರದಲ್ಲಿ. ಅಟ್ಟಿಸಿಕೊಂಡು ಹೋಗಬಾರದೆಂಬ ನಿಯಮ. ಕಾಕಾ ಎಂಜಿನ್ ತಗ್ಗಿಸಿ ಕಾದರು. ನಾನು ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದಿದ್ದೆ. ಬೇಡಿಕೊಳ್ಳಲು ನನಗೆ ಗೊತ್ತಿದ್ದ ದೇವರನ್ನೆಲ್ಲ ಬೇಡಿಕೊಂಡೆ. ಮತ್ತೆ ಏಳಲಿಲ್ಲ.

ಅವಳು ಕ್ಯಾಮೆರಾದ ಹಿಂದಿನ ಪರದೆಯ ಮೇಲೆ ಟೊಪ್ಪಿ ಮರೆ ಮಾಡಿ ಒಂದೊಂದೇ ಫೋಟೋ ನೋಡಿದಳು. ನಾನೂ ಬಗ್ಗಿ ನೋಡಿದೆ. ಬಿಳಿ ಝಳಪು, ಬಿಳಿ ಝಳಪು, ನೀರು ಚಿಮ್ಮಿದ್ದು, ಒಂದು ಕಪ್ಪು ಗೀಟು. ಆ ಗೀಟು ರೆಕ್ಕೆಯೇ ಇರಬೇಕು. ಎತ್ತರವಿದೆ ಎಂದರೆ ಇದೆ. ಕೆಳಗೆ ಡುಬ್ಬವಿದೆಯೋ ಅಲೆಯೋ ಹೇಳುವಂತಿಲ್ಲ.

"ವಹೀಚ್ ಹೈ!" ಎಂದರು ಕಾಕಾ, ಅವಳಿಗೆ ಬೇಕಾದದ್ದೇ ಅದು ಎಂಬ ಭರವಸೆಯಲ್ಲಿ. "ತೀಸ್ ಸಾಲ್ ಸೇ ದೇಖ್ ರಹಾ ಹೂಂ. ಲಿಖ್ ಡಾಲ್ ಬೇಟಾ."

ಅವರು ಮೂವತ್ತು ವರ್ಷ ಈ ನೀರಿನಲ್ಲಿ ಇದ್ದವರು. ಅವರ ಮಾತು ನಿಜವೇ ಇರಬಹುದು. ನಾನು ಪೆನ್ನು ತೆರೆದು ಕಾದೆ. ಅವಳು ಹೂಂ ಎಂದರೆ ನಾನು ಬರೆಯುವವಳೇ, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಮೇಡಂ ಮುಂದೆ ತೋರಿದ ಧೈರ್ಯ ಆ ಹೊತ್ತು ನನ್ನಲ್ಲಿ ಒಂದು ಚೂರೂ ಉಳಿದಿರಲಿಲ್ಲ. ಅವಳ ಜುಲೈ ಆ ಒಂದು ಮನೆಯಲ್ಲಿತ್ತು.

ಅವಳು ಫೋಟೋವನ್ನು ದೊಡ್ಡದು ಮಾಡಿದಳು, ಸಣ್ಣದು ಮಾಡಿದಳು, ಮತ್ತೆ ದೊಡ್ಡದು ಮಾಡಿದಳು. ಗಡಿಯಾರ ಕೀಂ ಎಂದಿತು. ಅದನ್ನು ನಿಲ್ಲಿಸದೆ ಕೂಗಿಕೊಳ್ಳಲು ಬಿಟ್ಟಳು. ಕಾಕಾ ಮೋಡದ ಕಡೆ ನೋಡಿ ಎಂಜಿನ್ ಜೋರು ಮಾಡಿದರು.

"ಎಡಗಡೆ ಎರಡು," ಎಂದಳು. ನಾನು ಬರೆದೆ.

"ಜಾತಿ?" ಎಂದು ಕೇಳಿದೆ.

ಅವಳು ಕ್ಯಾಮೆರಾದ ಪಟ್ಟಿಯನ್ನು ಕೈಗೆ ಸುತ್ತಿಕೊಂಡಳು, ಬಿಚ್ಚಿದಳು.

"ಗೊತ್ತಾಗ್ಲಿಲ್ಲ ಅಂತ ಬರಿ."

"ಕಾಕಾ ಹೇಳ್ತಿದ್ದಾರಲ್ಲ..."

"ಅಮ್ಮಾ. ಗೊತ್ತಾಗ್ಲಿಲ್ಲ."

ಬರೆದೆ. ಅಕ್ಷರ ಸ್ವಲ್ಪ ಓರೆಯಾಯಿತು, ದೋಣಿ ತಿರುಗುತ್ತಿತ್ತು. ವರ್ಸೋವಾದ ಬಿಲ್ಡಿಂಗುಗಳು ದೂರದಲ್ಲಿ ಕಂಡವು. ಅವಳ ಕೆನ್ನೆ ಒದ್ದೆಯಿತ್ತು; ನೀರು ಎರಚುತ್ತಿದ್ದುದರಿಂದ ಏನೂ ಹೇಳುವಂತಿರಲಿಲ್ಲ. ನಾನು ಅವಳನ್ನೇ ನೋಡುತ್ತಿದ್ದೆ. ಅದು ಅವಳಿಗೆ ಗೊತ್ತಾಯಿತು. ಈ ಕಡೆ ತಿರುಗದೆ, ಬೆನ್ನು ಹಾಕಿಕೊಂಡೇ ಸಿಡುಕಿದಳು:

"ನನ್ನನ್ನ ಎಂಥ ನೋಡ್ತಿದ್ದೀಯಾ? ಇನ್ನೂ ದಡ ಬಂದಿಲ್ಲ. ನಿನ್ನ ಸೈಡ್ ನೋಡು."